‘1972ರ ಟುಮಾರೋಲ್ಯಾಂಡ್ ಸ್ಲೈಡು, ಒರಿಜಿನಲ್’ ಅಂತ ಕಂಡರೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ನನ್ನ ದಡ್ಡತನವೂ ಬೇಕಾದಷ್ಟಿದೆ. ‘ಅಷ್ಟೂ ಗೊತ್ತಾಗಲಿಲ್ವಾ’ ಅಂತ ಕೇಳೋರು ಕೇಳಿ. ಮನೇಲಿ ಎಲ್ಲರೂ ಕೇಳಿ ಆಗಿದೆ, ನಿಮ್ಮದೊಂದು ಬಾಕಿ. ಆದರೂ ಬರೀತಿದೀನಿ, ಯಾಕಂದ್ರೆ ನನಗೆ ನಕಲಿ ಸ್ಲೈಡು ಮಾರಿದ ಆ ಮನುಷ್ಯ ಇನ್ನೂ ಮಾರ್ತಾ ಇದಾನೆ.

ನಮ್ಮಪ್ಪ 1972ರಲ್ಲಿ ಫ್ಯಾಕ್ಟರಿ ಕಡೆಯಿಂದ ತರಬೇತಿಗೆ ಅಂತ ನಾಲ್ಕು ತಿಂಗಳು ಅಮೆರಿಕಕ್ಕೆ ಹೋಗಿದ್ದರು. ಆಗ ಒಂದು ಭಾನುವಾರ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರೋ ಡಿಸ್ನಿಲ್ಯಾಂಡ್ ನೋಡಿದ್ದರು. ಕೋಟೆ, ಮಿಕ್ಕಿ ಮೌಸು ಇವೆಲ್ಲ ಅವರ ಬಾಯಲ್ಲಿ ಬರೋದೇ ಇಲ್ಲ. ಬರೋದೆಲ್ಲ ಟುಮಾರೋಲ್ಯಾಂಡ್. 1955ರಲ್ಲಿ ಪಾರ್ಕು ಶುರುವಾದಾಗ ‘1986ರಲ್ಲಿ ಲೋಕ ಹೇಗಿರುತ್ತೆ’ ಅಂತ ಕಟ್ಟಿದ ಭಾಗ ಅದು. 1967ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದರು. ಅಪ್ಪ ನೋಡಿದ್ದು ಆ ಹೊಸದನ್ನ. ನಮಗೆಲ್ಲ ಬಾಲ್ಯದಲ್ಲಿ ಪಂಚತಂತ್ರದ ಕತೆಗಿಂತ ಜಾಸ್ತಿ ಕೇಳಿದ್ದು ಪೀಪಲ್ ಮೂವರ್ ಕತೆ. ‘ಬಂಡಿಗೆ ಎಂಜಿನ್ನೇ ಇಲ್ಲ ಕಣೋ. ಹಳಿ ಒಳಗೆ ಟೈರು ಕೂರಿಸಿದಾರೆ, ಅದು ತಿರುಗಿ ತಿರುಗಿ ಬಂಡೀನ ಮುಂದಕ್ಕೆ ತಳ್ಳುತ್ತೆ. ನಿಲ್ಲೋದೇ ಇಲ್ಲ, ನಾವೇ ನಡೀತಾ ಹತ್ತಬೇಕು.’ ಇದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಆಮೇಲೆ ಒಂದು ದೊಡ್ಡ ಮೈಕ್ರೋಸ್ಕೋಪು, ಅದರೊಳಗೆ ಜನ ಹೋಗಿ ಚಿಕ್ಕವರಾಗಿಬಿಡೋದು, ಮೇಲಿಂದ ಒಂದು ಕಣ್ಣು ಇಣುಕಿ ನೋಡೋದು.

ಅಪ್ಪ ಅಲ್ಲಿ ಒಂದು ರೋಲು ಸ್ಲೈಡ್ ತೆಗೆದಿದ್ದರು. ಸ್ಲೈಡ್ ಅಂದ್ರೆ ಪುಟ್ಟ ರಟ್ಟಿನ ಚೌಕಟ್ಟಿನೊಳಗೆ ಕೂರಿಸಿದ ಫಿಲ್ಮಿನ ತುಂಡು, ಪ್ರೊಜೆಕ್ಟರಿಗೆ ಹಾಕಿ ಪರದೆ ಮೇಲೆ ನೋಡೋದು. ಮೈಸೂರಿನ ಮನೆ ಅಟ್ಟದ ಮೇಲೆ ಟ್ರಂಕಿನಲ್ಲಿ ಇಟ್ಟು, ಹಂಚು ಸೋರಿ, ಎಲ್ಲಕ್ಕೂ ಬೂಷ್ಟು ಹಿಡಿದು ಹೋಯ್ತು. ಉಳಿದಿದ್ದು ಒಂದೇ ಒಂದು. ಅದರಲ್ಲಿ ಕಾಣೋದು ಅವರ ಸಹೋದ್ಯೋಗಿ ಒಬ್ಬರ ಬೆನ್ನು.

ಈ ವರ್ಷ ಅಪ್ಪನಿಗೆ ಸಹಸ್ರಚಂದ್ರ ದರ್ಶನ ಶಾಂತಿ ಅಂತ ಮನೇಲಿ ನಿಶ್ಚಯ ಆಯ್ತು. ನಾನು ಇರೋದು ಅಮೆರಿಕದಲ್ಲೇ. ಶಾಲು, ಬೆಳ್ಳಿ ತಟ್ಟೆ ಎಲ್ಲ ಅಕ್ಕ ಭಾವ ನೋಡಿಕೊಳ್ತಾರೆ, ನಾನೇನು ಕೊಡಲಿ ಅಂತ ಯೋಚಿಸಿ, ಆ ಕಾಲದ ಸ್ಲೈಡುಗಳನ್ನೇ ಹುಡುಕೋಣ ಅನ್ನಿಸ್ತು. ಇಲ್ಲಿ ಇದೊಂದು ದೊಡ್ಡ ಹವ್ಯಾಸ. ತೀರಿಕೊಂಡವರ ಮನೆ ಸಾಮಾನು ಖಾಲಿ ಮಾಡುವಾಗ ಡಬ್ಬಿಗಟ್ಟಲೆ ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಬಣ್ಣದ ಫಿಲ್ಮು) ಸ್ಲೈಡು ಸಿಗುತ್ತೆ, ಅದನ್ನ ತಂದು ಆನ್‌ಲೈನಿನಲ್ಲಿ ಮಾರ್ತಾರೆ. ಟುಮಾರೋಲ್ಯಾಂಡ್ ಇದ್ದರೆ ಬೆಲೆ ಏರುತ್ತೆ, ಯಾಕಂದ್ರೆ ಅದರಲ್ಲಿರೋ ಅರ್ಧ ಈಗ ಇಲ್ಲ.

ಸಿಕ್ತು. ‘ಟುಮಾರೋಲ್ಯಾಂಡ್, ಜುಲೈ 1972, ಒಂದೇ ಕುಟುಂಬದ 24 ಒರಿಜಿನಲ್ ಕೊಡಾಕ್ರೋಮ್.’ ನಾಲ್ಕರ ಫೋಟೋ ಹಾಕಿದ್ದ. ಒಂದರಲ್ಲಿ ರಾಕೆಟ್ ಜೆಟ್ಸ್ ಅನ್ನೋ ಎತ್ತರದಲ್ಲಿ ಸುತ್ತೋ ಆಟ, ಕೆಳಗೆ ಪೀಪಲ್ ಮೂವರ್ ಬಂಡಿಗಳು, ಬೆಲ್‌ಬಾಟಂ ಹಾಕಿದ ಹುಡುಗಿ. ಅದೇ ವರ್ಷ! ಎದೆ ಡವಡವ ಅಂತು. ಮಿಕ್ಕ 20ರ ಫೋಟೋ ಕಳಿಸಿ ಅಂತ ಕೇಳಿದೆ. ಅವನು, ‘ಸ್ಕ್ಯಾನರ್ ಕೆಟ್ಟಿದೆ, ಆದರೆ ಎಲ್ಲ ಒಂದೇ ಡಬ್ಬಿಯದು, ಇದಕ್ಕಿಂತ ಚೆನ್ನಾಗಿವೆ’ ಅಂದ. ಇದಕ್ಕಿಂತ ಚೆನ್ನಾಗಿರೋದನ್ನ ಬಿಟ್ಟು ಇದರ ಫೋಟೋ ಯಾಕಪ್ಪಾ ಹಾಕಿದೆ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಬೆಲೆ 380 ಡಾಲರ್. ‘ಸೈಟಿಗೆ ಕಮಿಷನ್ ಯಾಕೆ ಕೊಡೋದು, ಹೊರಗಡೆ ನೇರವಾಗಿ ಸ್ನೇಹಿತರಿಗೆ ಕಳಿಸೋ ಥರ ಕಳಿಸಿಬಿಡಿ, 340ಕ್ಕೆ ಕೊಡ್ತೀನಿ’ ಅಂದ. ಅಪ್ಪ ತೀರಿಕೊಂಡರು, ಈ ಡಬ್ಬಿ ಒಳ್ಳೆಯವರ ಕೈ ಸೇರಲಿ ಅಂತ ಆಸೆ ಅಂತಲೂ ಬರೆದಿದ್ದ. ನಾನು ನಮ್ಮಪ್ಪನ ಕತೆ ಎಲ್ಲ ಬರೆದೆ. ಬರೆದೆ ಅಂದ್ರೆ, ಮೂರು ಪ್ಯಾರಾ ಬರೆದೆ. ಅವನ ಉತ್ತರ: ‘ಇದು ನಿಮಗೇ ಅಂತ ಕಾದಿತ್ತು ಅನ್ಸುತ್ತೆ.’ ಹೂಂ, ಕಾದೇ ಇತ್ತು.

40 ಡಾಲರ್ ಉಳಿಸಿದೆ ಅಂತ ಹಿಗ್ಗಿಕೊಂಡು ದುಡ್ಡು ಕಳಿಸಿದೆ.

ಡಬ್ಬಿ ಬಂತು. ಮೇಲಿನ ನಾಲ್ಕನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಅದೇ ನಾಲ್ಕು, ಬಣ್ಣ ನಿನ್ನೆ ತೆಗೆದ ಹಾಗಿತ್ತು. ಮಿಕ್ಕಿದ್ದನ್ನ ನೋಡಲಿಲ್ಲ! ಅಪ್ಪನ ಜೊತೆ ಕೂತೇ ಮೊದಲ ಸಲ ನೋಡಬೇಕು ಅನ್ನೋ ಭಾವುಕತೆ. ದರಿದ್ರ ಭಾವುಕತೆ. ರಟ್ಟಿನ ಅಂಚಿನ ಮೇಲೆ ‘ಜುಲೈ 72’ ಅಂತ ಅಚ್ಚು ಇದೆಯಾ ಅಂತ 24ಕ್ಕೂ ನೋಡಿದೆ, ಇತ್ತು, ಸೂಟ್‌ಕೇಸಿಗೆ ಹಾಕಿದೆ. ಒಳಗಿರೋ ಚಿತ್ರ ಬಿಟ್ಟು ಹೊರಗಿನ ರಟ್ಟು ನೋಡಿದ ಮಹಾನುಭಾವ ನಾನು.

ಮೈಸೂರಿನಲ್ಲಿ ಹಳೇ ಸ್ಟುಡಿಯೋದವರೊಬ್ಬರ ಹತ್ತಿರ ಸ್ಲೈಡ್ ಪ್ರೊಜೆಕ್ಟರ್ ಕಾಡಿ ಬೇಡಿ ತಂದೆ. ಹೋಮ, ಊಟ ಎಲ್ಲ ಮುಗಿದು ಸಂಜೆ, ಹಾಲಿನಲ್ಲಿ ಬಿಳೀ ಪಂಚೆ ಕಟ್ಟಿ, ಚಿಕ್ಕಪ್ಪಂದಿರು, ಅತ್ತೆಯರು, ಮಕ್ಕಳು, ಮೂವತ್ತು ಜನ. ದೀಪ ಆರಿಸಿದೆ. ಕಟಕ್. ರಾಕೆಟ್ ಜೆಟ್ಸ್ ಬಂತು. ಅಪ್ಪ ಕುರ್ಚಿಯಿಂದ ಎದ್ದರು. ಹತ್ತಿರ ಹೋಗಿ ಪಂಚೆಯ ಮೇಲೆ ಬೆರಳಿಟ್ಟು, ‘ಇಲ್ಲಿ, ಇಲ್ಲಿಂದ ಲಿಫ್ಟಿನಲ್ಲಿ ಮೇಲಕ್ಕೆ ಹೋಗ್ತಿದ್ವಿ. ಇದೇ ನೋಡಿ ಟೈರಿನ ಗಾಡಿ’ ಅಂದರು. ಅವರ ಬೆರಳ ನೆರಳು ಆ ಬಂಡಿಗಳ ಮೇಲೆ ಆಡ್ತಿತ್ತು. ನಾಲ್ಕು ಸ್ಲೈಡಿಗೆ ಹತ್ತು ನಿಮಿಷ ಮಾತಾಡಿದರು. ಆ ಹತ್ತು ನಿಮಿಷಕ್ಕೆ 340 ಡಾಲರ್ ಕೊಟ್ಟೆ ಅಂತ ಈಗ ಸಮಾಧಾನ ಮಾಡ್ಕೋತೀನಿ.

ಐದನೇದು. ಕಟಕ್. ಕೆಂಪು ಪಟ್ಟೆ ಹೊಡೆದ ಎತ್ತರದ ಬಿಳೀ ರಾಕೆಟ್ಟು ನೆಲದ ಮೇಲೆ ಮೂರು ಕಾಲೂರಿ ನಿಂತಿದೆ. ಅಪ್ಪ ಸುಮ್ಮನೆ ನೋಡಿದರು. ‘ಇದು ಇರಲಿಲ್ಲವಲ್ಲೋ.’

ಇತ್ತು, ನೀವು ಆ ಕಡೆ ಹೋಗಿಲ್ಲ ಅಂದೆ.

ಆರನೇದು, ನಾಲ್ಕು ರೆಕ್ಕೆ ಚಾಚಿದ ಬಿಳೀ ಪ್ಲಾಸ್ಟಿಕ್ ಮನೆ. ಇಲ್ಲ ಅಂದರು. ಮುಂದೆ ಒಂದರಲ್ಲಿ ದೊಡ್ಡ ಬಿಳೀ ಗೋಪುರದಂಥ ಕಟ್ಟಡ. ‘ಇದ್ಯಾವುದು? ಇಷ್ಟು ದೊಡ್ಡದು ಕಣ್ಣಿಗೆ ಬೀಳದೇ ಇರುತ್ತಾ?’ ಅದಾದ ಮೇಲೆ ನೀರಿನಲ್ಲಿ ಹಳದಿ ಸಬ್‌ಮರೀನು. ‘ಅದು ಬೂದಿ ಬಣ್ಣ ಕಣೋ, ನೌಕಾಪಡೆಯದರ ಥರ.’ ಹಿಂದೆ ಕೂತ ಹುಡುಗರು ಕಿಸಕ್ ಅಂದರು. ಆಗ ನಾನು, ಮೂವತ್ತು ಜನರ ಎದುರಿಗೆ, ನಗುನಗುತ್ತಾ ಹೇಳಿದೆ: ‘ಅಪ್ಪ, ನಿಮಗೆ ಮರೆತುಹೋಗಿದೆ ಬಿಡಿ. ಇಲ್ನೋಡಿ, ಮೇಲೆ ಜುಲೈ 72 ಅಂತ ಅಚ್ಚೇ ಇದೆ.’

ಅಪ್ಪ ಹಿಂದಕ್ಕೆ ಬಂದು ಕೂತರು. ‘ಇರಬಹುದೇನೋ. 50 ವರ್ಷ ಮೇಲಾಯ್ತು’ ಅಂದರು. ಉಳಿದ ಸ್ಲೈಡುಗಳಿಗೆ ಒಂದು ಮಾತೂ ಆಡಲಿಲ್ಲ.

ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಕೂತೆ. ಆ ರಾಕೆಟ್ಟು, ಮೂನ್‌ಲೈನರ್, 76 ಅಡಿ ಎತ್ತರದ್ದು, 1966ರಲ್ಲೇ ಕಿತ್ತಿದ್ದಾರೆ. ಮಾನ್ಸಾಂಟೋ ಕಂಪನಿಯ ಆ ಪ್ಲಾಸ್ಟಿಕ್ ಮನೆ 1957ರಲ್ಲಿ ಬಂದು 1967ರಲ್ಲಿ ಹೋಗಿದೆ. ಕೆಡವೋಕೆ ಕಬ್ಬಿಣದ ಗುಂಡಿನಲ್ಲಿ ಹೊಡೆದರೆ ಗುಂಡೇ ಪುಟಿದು ವಾಪಸ್ ಬರ್ತಿತ್ತಂತೆ. ಬಿಳೀ ಗೋಪುರ ಸ್ಪೇಸ್ ಮೌಂಟನ್, ಅಲ್ಲಿ ತೆರೆದದ್ದು 1977ರಲ್ಲಿ. ಸಬ್‌ಮರೀನುಗಳು 1959ರಿಂದ ಬೂದಿ ಬಣ್ಣದಲ್ಲೇ ಇದ್ದವು, ಹಳದಿ ಆಗಿದ್ದು 80ರ ದಶಕದಲ್ಲಿ. ಒಂದೇ ಕುಟುಂಬ, ಒಂದೇ ಜುಲೈ, ಅದರಲ್ಲಿ 1966ಕ್ಕೆ ಮುಂಚಿನದೂ ಇದೆ, 1977ರ ಆಚೆಯದೂ ಇದೆ! ಅಪ್ಪ ಹೇಳಿದ್ದು ಒಂದೊಂದೂ ಸರಿ. ಒಂದೊಂದೂ.

ಬೆಳಿಗ್ಗೆ ಸ್ಟುಡಿಯೋದವರ ಹತ್ತಿರ ಓಡಿದೆ. ಅವರು ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಕಣ್ಣಿಗಿಟ್ಟು ಎರಡು ನಿಮಿಷ ನೋಡಿ, ‘ಸ್ವಾಮಿ, ಇದು ಫಿಲ್ಮಿನ ಕಾಳಲ್ಲ, ಕಂಪ್ಯೂಟರ್ ಚಿತ್ರದ ಥರ ಚೌಕ ಚೌಕ ಇದೆ ನೋಡಿ’ ಅಂದರು. ನೋಡಿದೆ. ಸ್ಪೇಸ್ ಮೌಂಟನ್ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು. ಎಲ್ಲಿಂದಲೋ ಇಳಿಸಿಕೊಂಡ ಚಿತ್ರಾನ ಪಾರದರ್ಶಕ ಹಾಳೆ ಮೇಲೆ ಹಾಕಿ, ಕತ್ತರಿಸಿ, ಹಳೇ ರಟ್ಟಿನೊಳಗೆ ಸೇರಿಸಿದ್ದಾನೆ. ರಟ್ಟು ಮಾತ್ರ ಅಸಲಿ. ಕೊಡಾಕ್ ಲ್ಯಾಬಿನ ರಟ್ಟು ಬಿಸಿಯಲ್ಲಿ ಅಂಟಿಸಿದ್ದು, ಗೋಂದು ಇರೋದಿಲ್ಲ. ಇದರ ಅಂಚನ್ನ ಬ್ಲೇಡಿನಲ್ಲಿ ಸೀಳಿ, ಗೋಂದು ಹಚ್ಚಿ ಮುಚ್ಚಿದ್ದ, ಉಗುರಿಗೆ ಸಿಕ್ಕಿತು. ಒಂದರ ಮೇಲೆ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತು. ಓರೆಯಾಗಿ ಹಿಡಿದರೆ ಓದಬಹುದು: ಯಾರದೋ ಹುಟ್ಟುಹಬ್ಬ. ಯಾರದೋ ಮಗುವಿನ ಹುಟ್ಟುಹಬ್ಬದ ಸ್ಲೈಡು ಕಿತ್ತೆಸೆದು ಅದರ ರಟ್ಟಿನಲ್ಲಿ ನನಗೆ ನಾಮ ಹಾಕಿದ್ದಾನೆ.

ಅವನಿಗೆ ಬರೆದೆ. ಅವನ ಉತ್ತರಗಳನ್ನ ಕೇಳಿ, ಮಜಾ ಇದೆ.

ಮೊದಲನೇದು: ‘ನಿಮಗೆ ಇಷ್ಟವಾಗಲಿಲ್ಲ ಅಂತ ಕೇಳಿ ಬೇಸರವಾಯ್ತು.’ ಇಷ್ಟದ ಮಾತು ಯಾರಪ್ಪಾ ಎತ್ತಿದ್ದು?

ವರ್ಷಗಳ ಪಟ್ಟಿ ಕಳಿಸಿದೆ. ‘ನಾನು ಇತಿಹಾಸಕಾರ ಅಲ್ಲ. ಅಂಚಿನ ಮೇಲೆ ಏನು ಅಚ್ಚಾಗಿತ್ತೋ ಅದನ್ನ ಬರೆದೆ.’ ಗೋಂದಿನ ಫೋಟೋ ಕಳಿಸಿದೆ. ‘ಹಳೇ ವಸ್ತು, ಯಾರೋ ರಿಪೇರಿ ಮಾಡಿರಬಹುದು.’ ಚೌಕಗಳ ಫೋಟೋ ಕಳಿಸಿದೆ. ‘ನೀವು ಬದಲಾಯಿಸಿಲ್ಲ ಅಂತ ನಾನು ಹೇಗೆ ನಂಬಲಿ?’ ಅಂದ! ನಾನು! ನಾನು ಬದಲಾಯಿಸಿದ್ದಂತೆ! ನಿಮ್ಮಪ್ಪನ ಡಬ್ಬಿ ಅಂದಿರಲ್ಲ, ನಿಮ್ಮಪ್ಪನ ಹೆಸರಿನ ಮೇಲೆ ಇದನ್ನ ಮಾಡಿದ್ರಾ ಅಂತ ಕೇಳಿದೆ. ಅದಕ್ಕೆ ಬಂದ ಕೊನೇ ಉತ್ತರ: ‘ನೆನಪುಗಳು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತವೆ. ನಿಮ್ಮ ತಂದೆಯವರ ವಯಸ್ಸಿನಲ್ಲಿ ಗೊಂದಲ ಸಹಜ. ಶುಭವಾಗಲಿ.’

ಇದನ್ನ ಓದಿ ಫೋನ್ ಎಸೆಯೋ ಹಾಗಾಯ್ತು. ಸಿಟ್ಟು ಅವನ ಮೇಲೆ ಎಷ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು, ಯಾಕಂದ್ರೆ ಇದೇ ಮಾತನ್ನ ನಾನೂ ಹೇಳಿದ್ದೆ. ಮೂವತ್ತು ಜನರ ಎದುರಿಗೆ.

ಸೈಟಿನವರು ‘ನಮ್ಮ ಮೂಲಕ ವ್ಯವಹಾರವೇ ಆಗಿಲ್ಲ’ ಅಂದರು. ದುಡ್ಡು ಕಳಿಸಿದ ಆ್ಯಪಿನವರು ‘ಸ್ನೇಹಿತರಿಗೆ ಕಳಿಸಿದ ಹಣಕ್ಕೆ ರಕ್ಷಣೆ ಇಲ್ಲ’ ಅಂದರು. ಸ್ನೇಹಿತ! 40 ಡಾಲರ್ ಆಸೆಗೆ 340 ನೀರಲ್ಲಿ ಹೋಮ.

ಅಪ್ಪನಿಗೆ ಹೇಳಿದೆ. ಮುಚ್ಚಿಡೋಣ ಅಂತಿದ್ದೆ, ಆಗಲಿಲ್ಲ. ಪೇಪರ್ ಓದ್ತಿದ್ದವರು ಕನ್ನಡಕ ತೆಗೆದು, ‘ಹಂಗಾದ್ರೆ ಸಬ್‌ಮರೀನು ಬೂದಿ ಬಣ್ಣನೇ?’ ಅಂದರು. ಬೂದಿನೇ ಅಪ್ಪ. ‘ನಾನು ಹೇಳಲಿಲ್ವಾ’ ಅಂತ ಮತ್ತೆ ಪೇಪರ್ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಅಮ್ಮನಿಗೂ ಹೇಳಿದ್ದು ಕೇಳಿಸ್ತು.

ಕೊಳ್ಳೋರು ಇಷ್ಟು ನೋಡಿ. ಎಲ್ಲ ಸ್ಲೈಡುಗಳ ಫೋಟೋ ಕೊಡದವನ ಹತ್ತಿರ ಒಂದನ್ನೂ ಕೊಳ್ಳಬೇಡಿ. ಹೊರಗಡೆ ದುಡ್ಡು ಕೇಳಿದರೆ ಅಲ್ಲಿಗೇ ಮುಗಿಸಿ, ಅವನ ಅಪ್ಪ ತೀರಿಕೊಂಡಿರಲಿ, ಅಜ್ಜ ತೀರಿಕೊಂಡಿರಲಿ. ರಟ್ಟಿನ ಮೇಲಿನ ತಿಂಗಳು ಫಿಲ್ಮ್ ತೊಳೆದ ತಿಂಗಳು ಮಾತ್ರ, ಫೋಟೋ ಅದಕ್ಕೂ ಹಳೇದಿರಬಹುದು, ಹೊಸದಂತೂ ಇರೋಕೆ ಸಾಧ್ಯ ಇಲ್ಲ. ಅಸಲಿ ಕೊಡಾಕ್ರೋಮನ್ನ ಬೆಳಕಿಗೆ ಓರೆ ಮಾಡಿ ಹಿಡಿದರೆ ಒಂದು ಬದಿಯಲ್ಲಿ ಚಿತ್ರ ಕೆತ್ತಿದ ಹಾಗೆ ಉಬ್ಬು ತಗ್ಗು ಕಾಣುತ್ತೆ. ನನ್ನ ನಾಲ್ಕರಲ್ಲಿ ಕಂಡಿತು, 20ರಲ್ಲಿ ನುಣ್ಣಗಿತ್ತು. ಡಬ್ಬಿ ಬಂದ ದಿನವೇ ಎಲ್ಲ ತೆಗೆದು ನೋಡಿ. ಸರ್‌ಪ್ರೈಸು ಗಿರ್‌ಪ್ರೈಸು ಅಂತ ಕೂರಬೇಡಿ. ಮನೇಲಿ ಆ ಜಾಗ ಕಣ್ಣಾರೆ ಕಂಡವರು ಇದ್ದರೆ, ಕೊಳ್ಳೋ ಮುಂಚೆ ಅವರಿಗೆ ತೋರಿಸಿ.

ನಿನ್ನೆ ಹುಡುಕಿದೆ. ಅದೇ ನಾಲ್ಕು ಫೋಟೋ ಹಾಕಿ ಮತ್ತೆ ಮಾರಾಟಕ್ಕಿಟ್ಟಿದ್ದಾನೆ. ಆ ನಾಲ್ಕು ಸ್ಲೈಡು ಮೈಸೂರಿನಲ್ಲಿ ನಮ್ಮಪ್ಪನ ಬೀರುವಿನಲ್ಲಿವೆ. ಈ ಸಲ ‘ಆಗಸ್ಟ್ 1968’ ಅಂತ ಹಾಕಿದ್ದಾನೆ, ಬೆಲೆ 400. ಸ್ಕ್ಯಾನರ್ ಇನ್ನೂ ಕೆಟ್ಟಿದೆಯಂತೆ.