ಅಪ್ಪನ ಜನತಾ ವಾಚನ್ನು 'ಹೊಸದರ ಹಾಗೆ ಮಾಡಿಕೊಡಿ' ಅನ್ನಬೇಡಿ

ಎಚ್‌ಎಂಟಿ ಜನತಾ ವಾಚೊಂದು ರಿಪೇರಿಗೆ ಹೋಗಿ ಬೇರೆಯೇ ವಾಚಾಗಿ ಮನೆಗೆ ಬಂದಿದೆ. ತೀರಿಹೋದ ತಂದೆಯದು, ಹಿಂದಿನ ಮುಚ್ಚಳದ ಮೇಲೆ ಅವರ ಹೆಸರು, ನಿವೃತ್ತಿಯ ತಾರೀಖು ಕೆತ್ತಿತ್ತು. ಮಗಳು ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು: 'ಹೊಸದರ ಹಾಗೆ ಮಾಡಿಕೊಡಿ.' ವಾಪಸು ಬಂದ ವಾಚು ಚೆನ್ನಾಗಿಯೇ ಓಡುತ್ತಿದೆ. ಆದರೆ ಕೆನೆಬಣ್ಣಕ್ಕೆ ತಿರುಗಿದ್ದ ಡಯಲಿನ ಜಾಗದಲ್ಲಿ ಹೊಸದಾಗಿ ಪ್ರಿಂಟ್ ಮಾಡಿದ ಬೆಳ್ಳಗಿನ ಡಯಲ್ ಕೂತಿದೆ. ಮುಚ್ಚಳವನ್ನು ಬಫ್ ಹೊಡೆದಿದ್ದಾರೆ, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ಹೊಳಪು ತಂದಿದ್ದಾರೆ; ಹೆಸರು ಅಳಿಸಿಹೋಗಿದೆ. ಒಳಗಿನ ಮಷಿನ್ನೂ ಹಳೆಯದಲ್ಲ.

ಇಂಥದ್ದು ಯಾಕೆ ನಡೆಯುತ್ತದೆ? 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆ ಸೊರಗಿ, ಅದರ ವಾಚ್ ಕಾರ್ಖಾನೆಗಳಿಗೆ 2016ರ ಹೊತ್ತಿಗೆ ಬಾಗಿಲು ಬಿತ್ತು. ಅಲ್ಲಿಂದೀಚೆಗೆ ಹಳೆಯ ಅಸಲಿ ಡಯಲ್, ಮುಳ್ಳು, ಕೀಗಳನ್ನು ಹುಡುಕಿಕೊಂಡು ಬರುವ ಸಂಗ್ರಹಕಾರರಿದ್ದಾರೆ. ನಿಮ್ಮ ಕಣ್ಣಿಗೆ ಮಾಸಿದ ಡಯಲ್ ಅವರ ಕಣ್ಣಿಗೆ ಮಾಲು. ಜೊತೆಗೆ ಸಮಯದ ಲೆಕ್ಕವೂ ಇದೆ. ಮಷಿನನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸಮಯ ಹೊಂದಿಸಲು ಗಂಟೆಗಟ್ಟಲೆ ಕೂರಬೇಕು. ಡಬ್ಬಿಯಲ್ಲಿರುವ ಇನ್ನೊಂದು ಮಷಿನನ್ನು ಕೂರಿಸಲು ಕೆಲವೇ ನಿಮಿಷ ಸಾಕು. ಎರಡಕ್ಕೂ ಗಿರಾಕಿ ಕೊಡುವ ಹಣ ಒಂದೇ.

ಎಲ್ಲ ರಿಪೇರಿಯವರೂ ಹೀಗಲ್ಲ. ಆದರೆ 'ಹೊಸದರ ಹಾಗೆ' ಎಂಬ ಮಾತು ಪ್ರಾಮಾಣಿಕರ ಕೈಯಲ್ಲೂ ವಾಚನ್ನು ಕೆಡಿಸುತ್ತದೆ. ಹೊಳಪು ಬೇಕೆಂದರೆ ಬಫ್ ಹೊಡೆಯಲೇಬೇಕು. ಜನತಾ ವಾಚುಗಳಲ್ಲಿ ಬಹಳಷ್ಟರ ಕೇಸು ಹಿತ್ತಾಳೆಯ ಮೇಲೆ ಕ್ರೋಮ್ ಲೇಪ. ಲೇಪ ತೆಳು, ಬಫ್ ಚಕ್ರಕ್ಕೆ ಹಿಡಿದರೆ ಪಟ್ಟಿ ಸಿಕ್ಕಿಸುವ ಕೊಂಬುಗಳ ಅಂಚಿನಲ್ಲಿ ಹಳದಿ ಇಣುಕುತ್ತದೆ. ಆಮೇಲೆ ಬೆವರು ತಾಗಿ ಅಲ್ಲೇ ಹಸಿರು ಕಿಲುಬು ಹಿಡಿಯುತ್ತದೆ. ಹಿಂದಿನ ಸ್ಟೀಲ್ ಮುಚ್ಚಳ ಗಟ್ಟಿ, ನಿಜ. ಆದರೆ ಕೈಯಿಂದ ಕೆತ್ತಿದ ಅಕ್ಷರಗಳಿಗೆ ಆಳವಿರುವುದಿಲ್ಲ. ಒಮ್ಮೆ ಹೋದರೆ ಹೋಯಿತು.

ನಿಂತ ವಾಚಿಗೆ ನಿಜವಾಗಿ ಬೇಕಾದದ್ದು ಸಾಮಾನ್ಯವಾಗಿ ಇಷ್ಟೇ: ಒಣಗಿ ಅಂಟಾದ ಎಣ್ಣೆ ತೆಗೆದು ಹೊಸದು ಹಾಕುವುದು, ಸೋತ ಮುಖ್ಯ ಸ್ಪ್ರಿಂಗ್ ಬದಲಿಸುವುದು. ಜನತಾದ 17 ಜ್ಯೂವೆಲ್‌ಗಳ (ಅಚ್ಚುಗಳ ತುದಿ ತಿರುಗಲು ಕೂರಿಸಿದ ಸಣ್ಣ ಹರಳುಗಳು) ಮಷಿನ್ ಗಂಟೆಗೆ 18,000 ಬಾರಿ ಬಡಿಯುತ್ತದೆ, ಕೆಲಸ ಸರಿಯಾಗಿ ಮಾಡಿದರೆ ಇನ್ನೂ ವರ್ಷಗಟ್ಟಲೆ ಓಡುತ್ತದೆ. ಗೀರು ಬಿದ್ದ ಅಕ್ರಿಲಿಕ್ ಗಾಜನ್ನು ಪೇಸ್ಟಿನಿಂದ ತಿಕ್ಕಿದರೆ ತಿಳಿಯಾಗುತ್ತದೆ. ಸೀಳಿದ್ದರೆ ಹೊಸ ಗಾಜು ಹಾಕಿಸಿ, ಅದರಿಂದ ನಷ್ಟವೇನಿಲ್ಲ. ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದ್ದರೆ, ವೇಗ ಹಿಡಿದಿಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಬದಲಿಸಲು ಒಪ್ಪುವ ಮೊದಲು ಕಾಂತತ್ವ ತೆಗೆಸಿ ನೋಡಿ. ಅದು ಕ್ಷಣದ ಕೆಲಸ. ಬಿಚ್ಚದೆ ಇಡೀ ಮಷಿನನ್ನು ಪೆಟ್ರೋಲಿನಲ್ಲಿ ಅದ್ದಿ ಕೊಡುವವರಿಂದ ದೂರವಿರಿ. ಕರಗಿದ ಕೊಳೆ ಜ್ಯೂವೆಲ್‌ಗಳೊಳಗೇ ಮತ್ತೆ ಕೂರುತ್ತದೆ, ಅಳಿದುಳಿದ ಎಣ್ಣೆಯೂ ತೊಳೆದುಹೋಗಿ ಅಚ್ಚುಗಳ ತುದಿ ಸವೆಯುತ್ತವೆ. ಮೊದಮೊದಲು ಓಡುತ್ತದಾದ್ದರಿಂದ ಮೋಸ ತಿಳಿಯುವುದು ತಡವಾಗಿಯೇ.

ಡಯಲಿನ ಮಾತು ಬಂದರೆ ಮುಟ್ಟಲೇಬೇಡಿ ಎನ್ನುತ್ತೇವೆ. ಕಲೆ ತೆಗೆಯಲು ಒದ್ದೆ ಬಟ್ಟೆ ತಾಗಿಸಿದರೂ ಅಕ್ಷರ ಎದ್ದುಬರಬಹುದು. ಹೊಸದಾಗಿ ಪ್ರಿಂಟ್ ಮಾಡಿದ ಡಯಲನ್ನು ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಅಕ್ಷರಗಳ ಅಂಚು ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಉಬ್ಬಿದ ಗುರುತುಗಳಿಗೆ ಸರಿಯಾಗಿ ಸೇರುವುದಿಲ್ಲ. ಮಾರುವ ಲೆಕ್ಕದಲ್ಲೂ ಇದು ನಷ್ಟವೇ. ತಿಳಿದ ಸಂಗ್ರಹಕಾರ ಮಾಸಿದ ಅಸಲಿಗೆ ಕೊಡುವ ಬೆಲೆಯನ್ನು ಥಳಥಳಿಸುವ ಮರುಪ್ರಿಂಟಿಗೆ ಕೊಡುವುದಿಲ್ಲ.

ವಾಚು ಕೊಡುವಾಗ ನಿಮ್ಮೆದುರೇ ಮುಚ್ಚಳ ತೆರೆಸಿ. ಡಯಲ್, ಮಷಿನ್, ಮುಚ್ಚಳದ ಒಳಹೊರಗೆ ಎಲ್ಲದರ ಫೋಟೊ ಹತ್ತಿರದಿಂದ ತೆಗೆಯಿರಿ. ಮುಚ್ಚಳದ ಒಳಗೆ ಹಿಂದಿನ ರಿಪೇರಿಯವರು ಸೂಜಿಯಿಂದ ಗೀಚಿದ ತಾರೀಖು, ಗುರುತು ಇರುವುದುಂಟು. ಸ್ಕ್ರೂ ತಲೆಗಳ ಗೀರು, ಚಕ್ರಗಳನ್ನು ಹಿಡಿದಿಡುವ ಲೋಹದ ತಗಡಿನ (ಬ್ರಿಜ್) ಮೇಲಿನ ಕಲೆ ಒಂದೊಂದು ಮಷಿನಿಗೂ ಬೇರೆ. ಬದಲಾಗಿದೆಯೇ ಎಂದು ನಾಳೆ ತಾಳೆ ನೋಡಲು ಇವೇ ಆಧಾರ. ಚೀಟಿಯಲ್ಲಿ ಹೀಗೆ ಬರೆಸಿ, ಸಹಿ ಹಾಕಿಸಿ: 'ಇದೇ ಮಷಿನ್ ಸರ್ವಿಸ್ ಮಾತ್ರ. ಡಯಲ್ ಮುಟ್ಟುವಂತಿಲ್ಲ. ಬಫ್ ಬೇಡ. ತೆಗೆದ ಪ್ರತಿ ಭಾಗವನ್ನೂ ವಾಪಸು ಕೊಡಬೇಕು.' ಇದಕ್ಕೆ ಒಪ್ಪದ ಅಂಗಡಿಯಿಂದ ವಾಚು ಎತ್ತಿಕೊಂಡು ಬನ್ನಿ.

ಈಗಾಗಲೇ ಬದಲಾಗಿ ಬಂದಿದ್ದರೆ ಇವತ್ತೇ ಹೋಗಿ ಹಳೆಯ ಡಯಲ್ ಮತ್ತು ಮಷಿನ್ ಕೇಳಿ, ಮಾರಾಟವಾಗುವ ಮುನ್ನ ಅಂಗಡಿಯ ಡಬ್ಬಿಯಲ್ಲೇ ಇರಬಹುದು. ಡಯಲಿನ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ; ಅವನ್ನು ಕತ್ತರಿಸದೆ ಇದ್ದರೆ ಅದೇ ಹಳೆಯ ಮಷಿನಿಗೆ ಮತ್ತೆ ಕೂರಿಸಬಹುದು.