ಬೋರ್‌ವೆಲ್ ನೀರಿನ ಮನೆಗೆ ಸೋಲಾರ್ ಹಾಕಿಸುವ ಮುನ್ನ

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಗೆ ಬೋರ್‌ವೆಲ್ ನೀರೇ ಗತಿ. ಸೋಲಾರ್ ವಾಟರ್ ಹೀಟರ್ ಕೊಳ್ಳುವಾಗ ಮಾರಾಟಗಾರರು ಬಿಸಿಲು, ಉಳಿತಾಯ, ಐದು ವರ್ಷದ ವಾರಂಟಿ ಎಲ್ಲವನ್ನೂ ವಿವರವಾಗಿ ಹೇಳಿದರು. ನೀರಿನ ಗಡಸುತನ ಎಷ್ಟೆಂದು ಮಾತ್ರ ಕೇಳಲೇ ಇಲ್ಲ. 200 ಲೀಟರಿನ, 20 ಗಾಜಿನ ಕೊಳವೆಗಳ ಆ ಹೀಟರಿನ ಟ್ಯಾಂಕು ವಾರಂಟಿ ಮುಗಿಯುವ ಎಷ್ಟೋ ಮೊದಲೇ ಸೋರಿ ಹಾಳಾಯಿತು. ಇಂಥದೇ ನೀರಿರುವ ಊರುಗಳಲ್ಲಿ ಸೋಲಾರ್ ಹಾಕಿಸಲು ಹೊರಟಿರುವವರಿಗೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಬೇಸಿಗೆಯ ಹೊತ್ತಿಗೆ ನೀರು ಮೊದಲಿನಷ್ಟು ಕಾಯುತ್ತಿರಲಿಲ್ಲ. ಕಂಪನಿ ಕಳುಹಿಸಿದ ಮೆಕ್ಯಾನಿಕ್ ಒಂದು ಕೊಳವೆಯನ್ನು ಬಿಚ್ಚಿ ಬಗ್ಗಿಸಿದಾಗ ತಳದಿಂದ ಗೇಣುದ್ದದ ಬಿಳಿ ಕೆಸರು ಇಳಿಯಿತು; ಒಳಗೋಡೆಗೂ ಸುಣ್ಣ ಬಳಿದಂತೆ ಪದರ ಕಟ್ಟಿತ್ತು. ಗಡಸು ನೀರು ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗದ ಕಾರ್ಬನೇಟ್ ಆಗಿ ಬೇರ್ಪಟ್ಟು ಹೀಗೆ ಕೂರುತ್ತದೆ. ಇಲ್ಲಿಯವರೆಗೆ ಆದದ್ದು ಸರಿಪಡಿಸಬಹುದಾದ ತೊಂದರೆಯೇ. ಆದರೆ ಆ ಮೆಕ್ಯಾನಿಕ್ ಹೆಸರುಚೀಟಿಯಿಲ್ಲದ ಕ್ಯಾನಿನಿಂದ ಆಸಿಡ್ಡನ್ನು ನೇರವಾಗಿ ಟ್ಯಾಂಕಿಗೆ ಸುರಿದು, ನೊರೆ ಇಳಿಯುವವರೆಗೆ ಬಿಟ್ಟು ತೊಳೆದರು. ಅದು ಹೈಡ್ರೋಕ್ಲೋರಿಕ್ ಆಸಿಡ್ ಎಂದು ನಂತರ ಅವರೇ ಒಪ್ಪಿಕೊಂಡರು. ಅದರಲ್ಲಿರುವ ಕ್ಲೋರೈಡ್, ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ರಕ್ಷಣಾ ಪದರವನ್ನು ಒಡೆದು ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಕೊರೆಯುತ್ತದೆ. ಬೆಸುಗೆಯ ಅಂಚುಗಳಿಗೆ ಅಪಾಯ ಇನ್ನೂ ಹೆಚ್ಚು. ನಮ್ಮಲ್ಲಿಯೂ ಕೆಲವು ತಿಂಗಳಲ್ಲಿ ಬೆಸುಗೆಯ ಬಳಿಯೇ ಸೋರಿಕೆ ಶುರುವಾಗಿ, ಹೊರಕವಚದ ಕೆಳಗೆ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕತೊಡಗಿತು.

ವಾರಂಟಿ ಕೇಳಿದಾಗ, ಗಡಸುತನ 300 ಪಿಪಿಎಂ (ಅಂದರೆ ಲೀಟರಿಗೆ 300 ಮಿಲಿಗ್ರಾಂ) ಮೀರಿದ ನೀರಿಗೆ ಅದು ಅನ್ವಯಿಸುವುದಿಲ್ಲವೆಂದು ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ನಮ್ಮ ನೀರಿನಲ್ಲಿ ಅದಕ್ಕಿಂತ ಬಹಳ ಹೆಚ್ಚಿತ್ತು. ತಮ್ಮವರೇ ಸುರಿದ ಆಸಿಡ್ಡಿನ ಮಾತೆತ್ತಿದರೆ, ಸರ್ವಿಸ್ ಚೀಟಿಯಲ್ಲಿ ಇದ್ದದ್ದು ‘ಜನರಲ್ ಸರ್ವಿಸ್’ ಎಂಬ ಎರಡೇ ಪದ. ಷರತ್ತು ಗೊತ್ತಿದ್ದೂ ಮಾರುವ ಮುನ್ನ ನೀರನ್ನು ಪರೀಕ್ಷಿಸದಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ ಸರಿ.

ಹಾಗೆಂದು ಸೋಲಾರ್ ಬೇಡವೆಂದು ನಾನು ಹೇಳುವುದಿಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾದ್ದರಿಂದ, ಗೀಸರಿನ ಹೊರೆ ತಪ್ಪುವುದು ಸಣ್ಣ ಲಾಭವಲ್ಲ. ಕಾವೇರಿ ನೀರು ಬರುವ ಮನೆಯವರು ಧೈರ್ಯವಾಗಿ ಹಾಕಿಸಬಹುದು. ಮಲೆನಾಡಿನಲ್ಲಿ ನೀರು ಮೆದುವಾದರೂ ಮಳೆಗಾಲದುದ್ದಕ್ಕೂ ಕರೆಂಟಿನ ಕಾಯಿಲನ್ನು ನೆಚ್ಚಬೇಕಾದ್ದರಿಂದ ಉಳಿತಾಯ ಅಷ್ಟರಮಟ್ಟಿಗೆ ತಗ್ಗುತ್ತದೆ. ಗಡಸು ನೀರಿನ ಊರುಗಳಲ್ಲಿ ಮಾತ್ರ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್, ಅದಕ್ಕೆ ಆಗಾಗ ಹಾಕುವ ಉಪ್ಪು, ವರ್ಷವರ್ಷದ ಸರ್ವಿಸ್ ಇವೆಲ್ಲವನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಹಾಗೆ ಹಾಕಿದರೆ ಚಿಕ್ಕ ಕುಟುಂಬಕ್ಕೆ ಗೀಸರೇ ಅಗ್ಗವಾಗುವ ಸಂಭವವಿದೆ.

ಮುಂಗಡ ಕೊಡುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ನಮೂದಿಸಿ ‘ಈ ನೀರಿಗೂ ವಾರಂಟಿ ಅನ್ವಯಿಸುತ್ತದೆ’ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ. ಟ್ಯಾಂಕಿನೊಳಗೆ ಮೆಗ್ನೀಸಿಯಂ ರಾಡ್ ಇದ್ದರೆ ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಸವೆದಿದ್ದರೆ ಬದಲಾಯಿಸಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಕೊಳವೆಯ ತುದಿಯಲ್ಲಿರುವ ಬೆಳ್ಳಿ ಬಣ್ಣ ಬಿಳುಪಾಗಿದ್ದರೆ ಗಾಜಿನ ಎರಡು ಪದರಗಳ ನಡುವೆ ಶಾಖ ಹಿಡಿದಿಡುವ ನಿರ್ವಾತ ಹೋಗಿದೆಯೆಂದು ಅರ್ಥ, ಅಂಥ ಕೊಳವೆಯನ್ನು ತೊಳೆದು ಪ್ರಯೋಜನವಿಲ್ಲ. ಸುಣ್ಣ ತೆಗೆಯಲು ಬಂದವರು ಸಿಟ್ರಿಕ್ ಆಸಿಡ್ಡನ್ನೇ ಬಳಸಲಿ, ಏನು ಹಾಕಿದರೆಂಬುದನ್ನು ಹೆಸರು ಸಮೇತ ಚೀಟಿಯಲ್ಲಿ ಬರೆಯಲಿ. ಬರೆಯುವವರೆಗೆ ಸಹಿ ಹಾಕಬೇಡಿ.