ಉಚ್ಚಾರಣೆ ಆ್ಯಪ್: ಕಿವಿಗೆ ಪರವಾಗಿಲ್ಲ, ವ್ಯಾಕರಣಕ್ಕೆ ಮುಕ್ಕಣ್ಣನೇ ಗತಿ (3/5)

ಮಗಳು ಏಳನೇ ಕ್ಲಾಸು. ಅವಳ ಇಂಗ್ಲಿಷ್ ಉಚ್ಚಾರಣೆ ಸರಿಹೋಗಲಿ ಅಂತ ಈ ಆ್ಯಪ್‌ಗೆ ಒಂದು ವರ್ಷದ ದುಡ್ಡು ಕಟ್ಟಿದೆ, ಎರಡು ತಿಂಗಳಿಂದ ಅವಳಿಗಿಂತ ಜಾಸ್ತಿ ನಾನೇ ಬಳಸುತ್ತಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಪದ ಹಾಕಿದರೆ ಸಿಲಬಲ್ ಬಿಡಿಸಿ ತೋರಿಸುತ್ತದೆ. 'ಆಬ್ಸೆಂಟ್-ಮೈಂಡೆಡ್' ಅಂದರೆ ನಾಲ್ಕು ತುಂಡು: ಆ್ಯಬ್, ಸೆಂಟ್, ಮೈನ್, ಡಿಡ್. ನಾನು ಇಷ್ಟು ವರ್ಷ ಆ 'ಸೆಂಟ್' ಅನ್ನು ಮೈಗೆ ಹಾಕಿಕೊಳ್ಳುವ ಸೆಂಟಿನ ಥರ ಗಟ್ಟಿಯಾಗಿ ಹೇಳುತ್ತಿದ್ದೆ. ಅಸಲಿಗೆ ಅದು 'ಸಂಟ್' ಅಂತ ಮೆಲ್ಲಗೆ ಜಾರಿಹೋಗುತ್ತದೆ, ಜೋರೆಲ್ಲ 'ಮೈನ್' ಮೇಲೆ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಒಂದೇ ಮರ್ಯಾದೆ ಕೊಡುವವರು, ಹಾಗಾಗಿ ಈ ತಪ್ಪು ಕಿವಿಗೆ ಬೀಳುವುದೇ ಇಲ್ಲ.

ಪದದ ಕೊನೆಯ 'ಇಡಿ' (-ed) ಹೇಗೆ ಹೇಳಬೇಕು ಅನ್ನುವುದನ್ನೂ ಚೆನ್ನಾಗಿ ಕೇಳಿಸುತ್ತದೆ. ಹಿಂದೆ ಟ ಅಥವಾ ಡ ಸದ್ದು ಇದ್ದರೆ ಅದಕ್ಕೆ ಬೇರೆ ಸಿಲಬಲ್, 'ಕೈಂಡ್-ಹಾರ್ಟೆಡ್' ಥರ. 'ಟೂ-ಫೇಸ್ಡ್'ನಲ್ಲಿ ಎರಡೇ ಸಿಲಬಲ್, ಕೊನೆಗೆ ಕೇಳುವುದು ಟ್.

ಸಿಟ್ಟು ಬಂದದ್ದು 'ಥ್ರೀ-ಲೆಗ್ಡ್' ಹತ್ತಿರ. ಮಗಳು 'ಲೆಗಿಡ್' ಅಂದಳು, ಕೆಂಪು ಗುರುತು. ಮತ್ತೆ ಅಂದಳು, ಮತ್ತೆ ಕೆಂಪು. 'ಲೆಗ್ಡ್', 'ಲೆಗಿಡ್' ಎರಡೂ ಸರಿ ಅಂತ ಡಿಕ್ಷನರಿಗಳಲ್ಲೇ ಇದೆ! ದೂರು ಕಳಿಸಿದೆ, ಸುಮ್ನೆ ಒಂದು ಥ್ಯಾಂಕ್ಸ್ ಬಂತು, ಅಷ್ಟೇ.

ಇನ್ನು ಪದ ಹೇಗೆ ಆಯಿತು ಅನ್ನುವ ಭಾಗ, ಅದು ತೀರಾ ಕಳಪೆ. 'ಆಬ್ಸೆಂಟ್ + ಮೈಂಡೆಡ್' ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಮಗಳು ಕೇಳಿದಳು, "ಅಪ್ಪಾ, ಇಡಿ ಇದೆಯಲ್ಲ, ಇದು ಪಾಸ್ಟ್ ಟೆನ್ಸಾ?" ಅಲ್ಲ. ಮೈಂಡ್ ಇಲ್ಲಿ ನಾಮಪದ, ಬೇರೆಲ್ಲೋ ಇರುವ ಮನಸ್ಸು ಉಳ್ಳವನು ಅಂತ ಅರ್ಥ. ಆ 'ಉಳ್ಳ'ದ ಕೆಲಸವನ್ನೇ 'ಇಡಿ' ಮಾಡುತ್ತದೆ. ಆ್ಯಪ್‌ನಲ್ಲಿ ಇದರ ಸುದ್ದಿಯೇ ಇಲ್ಲ. ನಾನು ಅವಳ ಕನ್ನಡ ಪುಸ್ತಕದ ಬಹುವ್ರೀಹಿ ಸಮಾಸ ತೆಗೆದೆ. ಮೂರು ಕಣ್ಣು ಉಳ್ಳವನು ಮುಕ್ಕಣ್ಣ, ಹಾಗೇ ಇಂಗ್ಲಿಷಿನಲ್ಲಿ 'ಥ್ರೀ-ಐಡ್', ಅಲ್ವಾ? ಅರ್ಧ ನಿಮಿಷ ಸುಮ್ಮನಿದ್ದು, "ಹಾಗಾದ್ರೆ ನೀನು ಬಿಗ್-ಬೆಲ್ಲೀಡ್" ಅಂದಳು. ಉಚ್ಚಾರಣೆಗೆ ಹಸಿರು ಗುರುತು ಬಂತು.